ಗಾಲಿಯೊಳಗಿನ ತುಕ್ಕು

ಆಷಾಢದ ಜಡಿಮಳೆ ಹಿಡಿದಾಗ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಎರಡು ಮೂರು ದಿನ ಅಂಗಳದಲ್ಲೇ ನಿಂತ ಕಾರಿನ ಮುಂದಿನ ಗಾಲಿಯ ಸಂದಿನಲ್ಲಿ ಇಣುಕಿ ನೋಡಿದರೆ, ಒಳಗಿನ ಬ್ರೇಕಿನ ಡಿಸ್ಕು ಕೆಂಪಡರಿರುವುದು ಕಾಣುತ್ತದೆ. ಹೊರಟೊಡನೆ ಕರಕರ ಸದ್ದು ಬೇರೆ. ಬ್ರೇಕಿಗೇ ತುಕ್ಕು ಹಿಡಿದರೆ ಗತಿಯೇನೆಂದು ಮನೆಯವರು ಗಾಬರಿಗೊಳ್ಳುವುದು ಸಹಜ. ಈ ಗಾಬರಿ ಎಲ್ಲಿ ಅನಗತ್ಯ, ಎಲ್ಲಿ ಅಗತ್ಯ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ತಾಮ್ರದ ಕಿಲುಬು ಲೋಹಕ್ಕೆ ಅಂಟಿ ನಿಂತು ಒಳಭಾಗವನ್ನು ಬಹುಮಟ್ಟಿಗೆ ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಸಡಿಲವಾದ, ತೇವವನ್ನು ಒಳಕ್ಕೆ ಬಿಡುವ ಪದರ. ಕಾರಿನ ಮೈಗೆ ಬಣ್ಣ ಬಳಿದು ತುಕ್ಕನ್ನು ತಡೆಯಬಹುದು. ಬ್ರೇಕಿನ ಡಿಸ್ಕಿಗೆ ಹಾಗೆ ಮಾಡಲು ಬರುವುದಿಲ್ಲ. ಸಾಮಾನ್ಯವಾಗಿ ಎರಕದ ಕಬ್ಬಿಣದಿಂದಾದ ಆ ಬಿಲ್ಲೆಯನ್ನು ಇಕ್ಕೆಲದ ಪ್ಯಾಡುಗಳು ಬಿಗಿಯಾಗಿ ಹಿಡಿದು ಉಜ್ಜಿದಾಗಲೇ ಗಾಲಿ ನಿಲ್ಲುವುದು. ಉಜ್ಜುವ ಮುಖಕ್ಕೆ ಬಣ್ಣವೂ ಸಲ್ಲದು, ಎಣ್ಣೆಯೂ ಸಲ್ಲದು. ಆದುದರಿಂದ ಒಂದು ರಾತ್ರಿಯ ಇಬ್ಬನಿಯೇ ಅದನ್ನು ಕೆಂಪಾಗಿಸಬಲ್ಲದು.

ಕೆ.ಆರ್. ನಗರದ ಗದ್ದೆ ಬಯಲಿನ ರೈತನಿಗೆ ಇದು ಹೊಸ ಸಂಗತಿಯಲ್ಲ. ಮೂಲೆಗೊರಗಿಸಿಟ್ಟ ನೇಗಿಲಿನ ಗುಳಕ್ಕೆ ತುಕ್ಕು ಬಂದಿರುತ್ತದೆ. ನಾಲ್ಕು ಸಾಲು ಉತ್ತರೆ ಮಣ್ಣೇ ಅದನ್ನು ಬೆಳಗುತ್ತದೆ. ಡಿಸ್ಕಿನ ಮೇಲ್ತುಕ್ಕೂ ಅಂಥದೇ. ನಿಧಾನವಾಗಿ ಹೊರಟು, ಹಿಂದೆ ವಾಹನವಿಲ್ಲದ ಕಡೆ ನಾಲ್ಕಾರು ಬಾರಿ ಮೃದುವಾಗಿ ಬ್ರೇಕ್ ಒತ್ತಿದರೆ ಪ್ಯಾಡುಗಳೇ ಅದನ್ನು ಒರೆಸಿಬಿಡುತ್ತವೆ, ಸದ್ದೂ ಅಡಗುತ್ತದೆ. ಡಿಸ್ಕಿನ ನಡುಭಾಗದಲ್ಲಿ, ಹೊರ ಅಂಚಿನಲ್ಲಿ ಉಳಿಯುವ ತೆಳು ತುಕ್ಕು ಪ್ಯಾಡಿಗೆ ತಾಗುವುದೇ ಇಲ್ಲ; ಅದಕ್ಕಾಗಿ ಹೆದರಬೇಕಿಲ್ಲ.

ಹಾಗಾದರೆ ಚಿಂತಿಸಬೇಕಾದುದು ಯಾವಾಗ? ಕೆಲವು ಕಿಲೋಮೀಟರ್ ಓಡಿದ ಮೇಲೂ ಸದ್ದು ನಿಲ್ಲದಿದ್ದರೆ, ಉಜ್ಜುವ ಮುಖದಲ್ಲಿ ಗುಳಿ ಬಿದ್ದಿದ್ದರೆ, ತುಕ್ಕು ಹಕ್ಕಳೆಯಾಗಿ ಏಳುತ್ತಿದ್ದರೆ, ಪೆಡಲು ಕಾಲಡಿಯಲ್ಲಿ ಅದುರಿದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಬ್ರೇಕ್ ಒತ್ತಿದಾಗ ವಾಹನ ಒಂದೇ ಪಕ್ಕಕ್ಕೆ ಎಳೆದರೆ, ಅಥವಾ ಒಂದು ಗಾಲಿ ಮಾತ್ರ ಅತಿಯಾಗಿ ಕಾದರೆ, ಕ್ಯಾಲಿಪರಿನ ಪಿಸ್ಟನ್ನೋ ಪಿನ್ನುಗಳೋ ತುಕ್ಕಿನಿಂದ ಹಿಡಿದುಕೊಂಡಿರಬಹುದು. ಸವೆದ ಡಿಸ್ಕು ತಯಾರಕರು ಗೊತ್ತುಮಾಡಿದ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದ್ದರೆ ಬದಲಿಸುವುದೊಂದೇ ದಾರಿ.

ಎಲ್ಲಕ್ಕಿಂತ ಅಪಾಯಕರವಾದ ತುಕ್ಕು ನಮ್ಮ ಕಣ್ಣಿಗೆ ಸುಲಭವಾಗಿ ಬೀಳದು. ಕಾರಿನ ತಳದಲ್ಲಿ ಹಾಯುವ ಉಕ್ಕಿನ ಸಣ್ಣ ಕೊಳವೆಗಳು ಬ್ರೇಕ್ ಆಯಿಲಿನ ಒತ್ತಡವನ್ನು ಗಾಲಿಗಳಿಗೆ ಮುಟ್ಟಿಸುತ್ತವೆ. ಕೆಸರು ಮೆತ್ತಿ ತೇವ ನಿಂತಲ್ಲಿ ಅವು ಹೊರಗಿನಿಂದ ಸವೆಯುತ್ತವೆ. ಕೊಳವೆ ಒಡೆದರೆ ಅದಕ್ಕೆ ಸೇರಿದ ಗಾಲಿಗಳಲ್ಲಿ ಬ್ರೇಕೇ ಇಲ್ಲವಾಗುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹಳೆಯದಾದಂತೆ ಅದು ಒಳಗಿನಿಂದಲೂ ತುಕ್ಕಿಗೆ ಎಡೆಗೊಡುತ್ತದೆ. ಕಡಿಮೆ ಶಾಖಕ್ಕೇ ಕುದಿಯುತ್ತದೆ. ಪಿರಿಯಾಪಟ್ಟಣ ದಾಟಿ ಮಡಿಕೇರಿಗೆ ಹೋಗಿ ಬರುವವರು ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾಗುತ್ತದೆ. ಕಾದು ಕುದಿದ ಆಯಿಲಿನಲ್ಲಿ ಆವಿ ತುಂಬಿದರೆ ಪೆಡಲು ಪೊಳ್ಳಾಗಿ ಕೆಳಗಿಳಿಯುತ್ತದೆ. ಸಾಧಾರಣವಾಗಿ 2 ವರ್ಷಕ್ಕೊಮ್ಮೆ ಆಯಿಲು ಬದಲಿಸಬೇಕೆಂಬ ನಿಯಮ ಇದಕ್ಕಾಗಿಯೇ.

ನಮ್ಮ ಸೀಮೆಗೆ ಮಂಗಳೂರು, ಕಾರವಾರಗಳ ಉಪ್ಪುಗಾಳಿಯ ಕಾಟವಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಶೀತದೇಶಗಳ ಪಾಡೂ ಇಲ್ಲ. ಆದರೂ ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ಮಳೆಗಾಲದುದ್ದಕ್ಕೂ ಕದಲದೆ ನಿಂತ ಕಾರಿಗೆ ತೇವವೇ ಸಾಕು. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ಹಿಂದಿನ ಗಾಲಿಯ ಬ್ರೇಕ್ ಅಂಟಿಕೊಳ್ಳುವುದುಂಟು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಒತ್ತುಕೊಟ್ಟು, ಹ್ಯಾಂಡ್‌ಬ್ರೇಕ್ ಸಡಿಲಿಸುವುದು ಲೇಸು. ಕಾರು ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಬ್ರೇಕ್ ಒತ್ತಿ ಒಣಗಿಸಿಯೇ ಮನೆಯೊಳಗೆ ನಿಲ್ಲಿಸಬೇಕು. ಮಳೆಗಾಲ ಮುಗಿದೊಡನೆ ಗಾಲಿ ಬಿಚ್ಚಿಸಿ, ಕಾರನ್ನು ಎತ್ತಿಸಿ, ತಳದ ಕೊಳವೆಗಳನ್ನು ಒಮ್ಮೆ ನೋಡಿಸಿದರೆ ಅರ್ಧ ದಿನದ ಕೆಲಸ. ಇಳಿಜಾರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಬರುವವರು ಆ ಅರ್ಧ ದಿನವನ್ನು ಉಳಿಸಲು ಹೋಗಬಾರದು.