ನಾಯಕನಿಗೆ ತಾಗದ ಬಾಣ

ದಾಂಡೇಲಿ, ಜೋಯಿಡಾಗಳ ಜನರಿಗೆ ಕಾಳಿ ನದಿಯ ಪರಿಚಯವಿದೆ. ಮೊಸಳೆಗಳಿರುವ ನೀರು ಅದು. ಮೇಲಿನ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿವು ಏರುತ್ತದೆ. ಅಂಥವರೂ ಚಿತ್ರಮಂದಿರದಲ್ಲಿ ಕುಳಿತು, ಕಥಾನಾಯಕನು ತುಂಬುಹೊಳೆಗೆ ಧುಮುಕಿ ಕ್ರಾಪು ಕೆಡದಂತೆ ಮೇಲೇಳುವುದನ್ನು ಕಂಡು ಚಪ್ಪಾಳೆ ತಟ್ಟುತ್ತಾರೆ. ನಂಬಿಕೆಯಿಂದಲ್ಲ; ಮಧ್ಯಂತರಕ್ಕೆ ಮೊದಲೇ ಅವನು ಮುಳುಗಿದರೆ ಕಥೆಯೂ ಮುಳುಗೀತೆಂದು ಅವರು ಬಲ್ಲರು.

ನಮ್ಮ ಹಳೆಯ ಕವಿಗಳೂ ನಾಯಕರನ್ನು ಉಳಿಸಿದ್ದಾರೆ, ಆದರೆ ಲೆಕ್ಕ ಒಪ್ಪಿಸಿ. ಕರ್ಣನ ಸರ್ಪಾಸ್ತ್ರ ಬಂದಾಗ ಕೃಷ್ಣನು ರಥವನ್ನು ನೆಲಕ್ಕೊತ್ತಿದ; ಅರ್ಜುನನ ತಲೆ ಉಳಿಯಿತು, ಕಿರೀಟ ಹೋಯಿತು. ಕಾಪಾಡಿದವನಾರು, ಹೇಗೆ ಎಂಬುದರಲ್ಲಿ ಮುಚ್ಚುಮರೆಯಿಲ್ಲ. ಅದೇ ಭಾರತದಲ್ಲಿ ಅಭಿಮನ್ಯುವಿಗೆ ರಕ್ಷಕರಿಲ್ಲ. ಅವನು ಬೀಳುವನೆಂದು ತಿಳಿದೂ ಉತ್ತರ ಕನ್ನಡದ ಹಿರಿಯರು ಯಕ್ಷಗಾನದ ಮುಂದೆ ಇರುಳೆಲ್ಲ ಎಚ್ಚರವಿದ್ದರು.

ಸಿನಿಮಾದಲ್ಲಿ ಕೃಷ್ಣನ ಕೆಲಸ ಸಂಕಲನಕಾರನ ಕತ್ತರಿಯದು. ಎಷ್ಟೋ ಬಾರಿ ಧುಮುಕುವವನು ಒಬ್ಬ ಸಾಹಸ ಕಲಾವಿದ, ಮೇಲೇಳುವವನು ನಾಯಕನಟ. ನೋಡುವವರ ಕಣ್ಣಿಗೆ ಇಬ್ಬರೂ ಒಬ್ಬನೇ. ನಾಯಕನ ಅಮರತ್ವದ ಹಿಂದೆ ಹೀಗೆ ಹೆಸರಿಲ್ಲದ ಇನ್ನೊಂದು ಮೈ ಇರುತ್ತದೆ.

ಕತ್ತರಿಗೆ ಎಟುಕದ ಗಳಿಗೆಯೂ ಉಂಟು. 2016ರ ನವೆಂಬರ್ 7ರಂದು ‘ಮಾಸ್ತಿ ಗುಡಿ’ ಚಿತ್ರದ ಅಂತಿಮ ದೃಶ್ಯಕ್ಕಾಗಿ ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಮೂವರು ಹೆಲಿಕಾಪ್ಟರಿನಿಂದ ಹಾರಿದರು: ನಾಯಕನಟ ವಿಜಯ್, ಖಳಪಾತ್ರಗಳ ಅನಿಲ್ ಮತ್ತು ಉದಯ್. ವಿಜಯ್ ದಡ ಸೇರಿದರು. ಜೀವರಕ್ಷಕ ಜಾಕೆಟ್ಟಿಲ್ಲದೆ ಹಾರಿದ್ದ ಉಳಿದಿಬ್ಬರು ಮುಳುಗಿದರು. ಅವರ ದೇಹಗಳು ದೊರೆಯಲು ದಿನಗಳೇ ಹಿಡಿದವು. ಚಿತ್ರವು 2017ರಲ್ಲಿ ತೆರೆಗೆ ಬಂದಿತು.