ಬೆಳಿಗ್ಗೆ ಹೊಡೆಯುವ ಸೆಲ್ಫ್ ಮಧ್ಯಾಹ್ನ ಏಕೆ ಮೌನ?
ಹಳೆಯ ಗಾಡಿಯ ಸ್ಟಾರ್ಟರ್ ದೋಷವನ್ನು ಹುಡುಕುವ ಕ್ರಮ

ನಮ್ಮ ಸದಸ್ಯರಲ್ಲಿ ಅನೇಕರ ಮನೆಯಂಗಳದಲ್ಲಿ ಇಂದಿಗೂ ಒಂದು ಹಳೆಯ ಜೀಪೋ ಅಂಬಾಸಡರ್ ಕಾರೋ ನಿಂತಿದೆ. ಅಂಬಾಸಡರಿನ ತಯಾರಿಕೆ 2014ರಲ್ಲಿಯೇ ನಿಂತಿತಾದರೂ ತೋಟದ ಕೆಲಸಕ್ಕೆ, ಡಿಪೋಗೆ ಅಡಿಕೆ ಮೂಟೆ ಒಯ್ಯಲು, ಅಪರಾತ್ರಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆ ಮುಟ್ಟಿಸಲು ಅದೇ ಗತಿ. ಇಂತಹ ಗಾಡಿ ಪೂರ್ತಿ ಕೆಟ್ಟು ನಿಂತರೆ ಅಷ್ಟು ಚಿಂತೆಯಿಲ್ಲ. ಮೆಕ್ಯಾನಿಕ್ಕನ್ನು ಕರೆಸಿ ಸರಿಪಡಿಸಿಕೊಳ್ಳಬಹುದು. ಒಮ್ಮೆ ಹೊಡೆದು ಇನ್ನೊಮ್ಮೆ ಹೊಡೆಯದ ಸೆಲ್ಫ್ ಮಾತ್ರ ಯಜಮಾನನ ನೆಮ್ಮದಿಯನ್ನೂ ಜೇಬನ್ನೂ ಒಟ್ಟಿಗೆ ಬರಿದು ಮಾಡುತ್ತದೆ. ಗ್ಯಾರೇಜಿಗೆ ಒಯ್ದಾಗ ಅದು ಸರಿಯಾಗಿಯೇ ಇರುತ್ತದೆ. ಊಹೆಯ ಮೇಲೆ ಮೊದಲು ಬ್ಯಾಟರಿ ಬದಲಾಗುತ್ತದೆ, ಆಮೇಲೆ ಸ್ಟಾರ್ಟರ್ ಬದಲಾಗುತ್ತದೆ. ದೋಷ ಇದ್ದಲ್ಲಿಯೇ ಇರುತ್ತದೆ.

ಕಳೆದ ಬೇಸಗೆಯಲ್ಲಿ ನಾವು ತೊಗರಿ ಬೆಳೆಗಾರರನ್ನು ಕಾಣಲು ಕಲಬುರಗಿ ಜಿಲ್ಲೆಯಲ್ಲಿ ಹಳೆಯ ಅಂಬಾಸಡರಿನಲ್ಲಿ ಸುತ್ತಾಡಿದಾಗ ಈ ಪಾಠ ಚೆನ್ನಾಗಿ ಮನದಟ್ಟಾಯಿತು. ಅಲ್ಲಿನ ನೆಲ ನಮ್ಮ ಮಲೆನಾಡಿಗೆ ಪೂರ್ತಿ ವಿರುದ್ಧ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲವೂ ಸುಣ್ಣಕಲ್ಲಿನ ಸೀಮೆ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನ ಪರಿಚಯ ನಮ್ಮಲ್ಲಿ ಅನೇಕರಿಗೆ ಇದ್ದೇ ಇದೆ. ವಾಡಿಯಲ್ಲಿ, ಸೇಡಂನಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ರಸ್ತೆಯ ಮೇಲೆ ನುಣ್ಣನೆಯ ಬಿಳಿ ಧೂಳು. ಬೇಸಗೆಯ ಬಿಸಿಲು 42 ಡಿಗ್ರಿಯನ್ನು ದಾಟುವುದು ಅಲ್ಲಿ ವಿಶೇಷವೇನಲ್ಲ. ಕಾಡು ಗುಡ್ಡಗಳಿರುವ ಚಿಂಚೋಳಿಯ ಕಡೆ ಹೋದರೆ ಮಾತ್ರ ಕಣ್ಣಿಗೆ ಕೊಂಚ ತಂಪು.

ಮೊದಲ ಉಪಕರಣ ಚೀಟಿ ಮತ್ತು ಪೆನ್ಸಿಲು

ಸೇಡಂನಲ್ಲಿ ಬೆಳಿಗ್ಗೆ ಒಂದೇ ಸಲಕ್ಕೆ ಹೊಡೆದ ಸೆಲ್ಫ್, ಚಿತ್ತಾಪುರದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ "ಟಕ್" ಎಂದು ಸುಮ್ಮನಾಯಿತು. ನಾಲ್ಕು ಜನ ತಳ್ಳಿದ ಮೇಲೆ ಗಾಡಿ ಹೊರಟಿತು. ವಾಡಿಯಲ್ಲಿ ಎರಡು ತಾಸು ನೆರಳಿನಲ್ಲಿ ನಿಂತ ಮೇಲೆ ತಾನಾಗಿ ಹೊಡೆಯಿತು. ಶಹಾಬಾದಿನಲ್ಲಿ ಹತ್ತು ನಿಮಿಷ ನಿಲ್ಲಿಸಿದಾಗ ಮತ್ತೆ "ಟಕ್". ಇವೆಲ್ಲವನ್ನೂ ನಾವು ಒಂದು ಚೀಟಿಯಲ್ಲಿ ಬರೆಯುತ್ತ ಬಂದೆವು: ಎಂಜಿನ್ ಬಿಸಿಯೋ ತಣ್ಣಗೋ, ನಿಂತ ಹೊತ್ತು ಎಷ್ಟು, ಕೇಳಿದ ಸದ್ದು ಯಾವುದು, ಲೈಟು ಮಂಕಾಯಿತೋ ಇಲ್ಲವೋ.

ಚೀಟಿಯನ್ನು ಓದಿದರೆ ಅರ್ಧ ಉತ್ತರ ಅಲ್ಲಿಯೇ ಇತ್ತು. ಗಾಡಿ ಬಿಸಿಯಾಗಿದ್ದಾಗ ಮಾತ್ರ ತೊಂದರೆ. ಸದ್ದು ಒಂದೇ "ಟಕ್". ಹೆಡ್‌ಲೈಟು ಮಂಕಾಗುತ್ತಿರಲಿಲ್ಲ. ಬ್ಯಾಟರಿ ಸೋತಿದ್ದರೆ ತಣ್ಣಗಿನ ಬೆಳಗಿನಲ್ಲಿಯೇ ಅದು ಮೊದಲು ಸೋಲಬೇಕಿತ್ತು.

ಲೈಟಿನ ಪರೀಕ್ಷೆ

ಯಾವ ಉಪಕರಣವೂ ಬೇಡದ ಪರೀಕ್ಷೆ ಇದು. ಹೆಡ್‌ಲೈಟ್ ಹಾಕಿ, ಗೋಡೆಗೆ ಬೆಳಕು ಬೀಳುವಂತೆ ನಿಲ್ಲಿಸಿ, ಸೆಲ್ಫ್ ಒತ್ತಿ.

1. ಲೈಟು ಪೂರ್ತಿ ಸತ್ತುಹೋದರೆ: ಬ್ಯಾಟರಿಯ ಟರ್ಮಿನಲ್ ಸಡಿಲ ಅಥವಾ ಕಿಲುಬು.
2. ಲೈಟು ಬಹಳ ಮಂಕಾಗಿ ಸೆಲ್ಫ್ ನರಳಿದರೆ: ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಅಥವಾ ಸ್ಟಾರ್ಟರ್ ಒಳಗೆ ಹಿಡಿದುಕೊಂಡಿದೆ.
3. ಲೈಟು ಹಾಗೇ ಇದ್ದು ಯಾವ ಸದ್ದೂ ಇಲ್ಲದಿದ್ದರೆ: ಸ್ವಿಚ್ಚು, ಅದರ ಸಣ್ಣ ತಂತಿ ಅಥವಾ ಸೊಲೆನಾಯ್ಡಿನ ಕಾಯಿಲು.
4. ಲೈಟು ಹಾಗೇ ಇದ್ದು "ಟಕ್" ಎಂದರೆ: ಸೊಲೆನಾಯ್ಡಿನ ಒಳಗಿನ ತಾಮ್ರದ ಸಂಪರ್ಕ, ಸ್ಟಾರ್ಟರಿನ ಕಾರ್ಬನ್ ಬ್ರಷ್, ಇಲ್ಲವೇ ಎಂಜಿನ್ನಿನ ಅರ್ಥ್ ಪಟ್ಟಿ.

"ಲೈಟು ಚೆನ್ನಾಗಿ ಉರಿಯುತ್ತದೆ, ಆದ್ದರಿಂದ ಕರೆಂಟಿನ ದಾರಿ ಸರಿಯಿದೆ" ಎಂಬ ಮಾತು ಬಹಳ ಜನರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಎರಡು ಹೆಡ್‌ಲೈಟು ಎಳೆಯುವುದು ಸುಮಾರು 8 ಆಂಪಿಯರ್. ಸೆಲ್ಫ್ ಎಳೆಯುವುದು ಸುಮಾರು 200 ಆಂಪಿಯರ್. ದಾರಿಯಲ್ಲೊಂದು ತುಕ್ಕು ಹಿಡಿದ ಬೋಲ್ಟ್ ಓಮಿನ ನೂರನೇ ಒಂದು ಭಾಗದಷ್ಟು ಅಡ್ಡಿ ಮಾಡಿದರೆ ಲೈಟಿಗೆ ಆಗುವ ನಷ್ಟ 0.08 ವೋಲ್ಟ್, ಕಣ್ಣಿಗೆ ಕಾಣುವುದೇ ಇಲ್ಲ. ಅದೇ ಬೋಲ್ಟ್ ಸೆಲ್ಫಿನ ಪಾಲಿನಿಂದ 2 ವೋಲ್ಟ್ ತಿಂದುಹಾಕುತ್ತದೆ. ತೋಟದ ಪೈಪಿನಲ್ಲಿ ಕಸ ಕಟ್ಟಿದರೆ ಒಂದು ತಂಬಿಗೆ ನೀರು ಬರುತ್ತದೆ, ಸ್ಪ್ರಿಂಕ್ಲರ್ ತಿರುಗುವುದಿಲ್ಲ, ಇದೂ ಹಾಗೆಯೇ. ಸಾಲದ್ದಕ್ಕೆ ತಾಮ್ರದ ತಂತಿ 25 ಡಿಗ್ರಿಯಿಂದ 85 ಡಿಗ್ರಿಗೆ ಬಿಸಿಯಾದರೆ ಅದರ ಅಡ್ಡಿ ಸುಮಾರು ನಾಲ್ಕನೇ ಒಂದು ಭಾಗ ಹೆಚ್ಚುತ್ತದೆ. ಬೆಳಿಗ್ಗೆ ಹೇಗೋ ನಡೆದುಹೋದ ದೋಷ ಮಧ್ಯಾಹ್ನ ಬಾಯಿಬಿಡುವುದು ಇದರಿಂದಲೇ.

ಹೊಳ್ಳಿ ಹೋಗುವ ದಾರಿ

ಶಹಾಬಾದಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿಸಿ ಸೆಲ್ಫ್ ಒತ್ತಲು ಹೇಳಿದರು. ಸ್ಪ್ಯಾನರ್ ಮುಟ್ಟಲಿಲ್ಲ. ಕೈಯಿಟ್ಟದ್ದು ಚೋಕಿನ ಕೇಬಲ್ಲಿಗೆ. ಅದು ಬಿಸಿಯಾಗಿತ್ತು! "ಸೆಲ್ಫ್ ಚೊಲೋ ಅದರಿ. ಕರೆಂಟಿಗಿ ಹೊಳ್ಳಿ ಹೋಗ್ಲಾಕ ದಾರಿ ಇಲ್ಲ" ಎಂದರು.

ಅವರ ಮಾತಿನ ಅರ್ಥ ಇಷ್ಟು. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಆದ್ದರಿಂದ ಎಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ಅದು ಹರಿದರೆ ಅಥವಾ ಅದರ ಬೋಲ್ಟಿಗೆ ತುಕ್ಕು ಹಿಡಿದರೆ ಕರೆಂಟು ಚೋಕಿನ ಅಥವಾ ಆಕ್ಸಿಲರೇಟರಿನ ತೆಳು ಕೇಬಲ್ ಹಿಡಿದು ಹೋಗಲು ನೋಡುತ್ತದೆ. ಕೇಬಲ್ ಬಿಸಿಯಾಗುತ್ತದೆ, ಸೆಲ್ಫ್ ತಿರುಗುವುದಿಲ್ಲ. ಲೈಟಿನ ಅರ್ಥ್ ಬಾಡಿಯಲ್ಲಿಯೇ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ.

ದಪ್ಪ ಕೇಬಲ್ಲೊಂದರ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಕಡೆಗೂ ಇನ್ನೊಂದನ್ನು ಎಂಜಿನ್ನಿನ ಸ್ವಚ್ಛ ಕಬ್ಬಿಣಕ್ಕೂ ಹಿಡಿದಾಗ ಸೆಲ್ಫ್ ಒಂದೇ ಸಲಕ್ಕೆ ಹೊಡೆಯಿತು. ಹಳೆಯ ಪಟ್ಟಿಯಲ್ಲಿ ಅರ್ಧಕ್ಕರ್ಧ ಎಳೆಗಳು ಹರಿದಿದ್ದವು; ಬೋಲ್ಟಿನ ಕೆಳಗೆ ಎಣ್ಣೆ ಮತ್ತು ಧೂಳು ಸೇರಿ ಗಾರೆಯಂತೆ ಕೂತಿತ್ತು. ಹೊಸ ಪಟ್ಟಿ ಹಾಕಿ ಕಬ್ಬಿಣ ಹೊಳೆಯುವಂತೆ ಉಜ್ಜಿ ಬಿಗಿದ ಮೇಲೆ ಚಿಂಚೋಳಿಯ ಗುಡ್ಡಗಳವರೆಗೂ ತಳ್ಳುವ ಪ್ರಸಂಗ ಬರಲಿಲ್ಲ. ಬ್ಯಾಟರಿಯೂ ಸ್ಟಾರ್ಟರೂ ಹಳೆಯವೇ.

ಮಲ್ಟಿಮೀಟರ್ ಇದ್ದವರು ಇದನ್ನು ಮನೆಯಲ್ಲಿಯೇ ಅಳೆಯಬಹುದು. ಎಂಜಿನ್ ಹೊಡೆಯದಂತೆ ಇಗ್ನಿಷನ್ ಕಾಯಿಲಿನ ಸಣ್ಣ ತಂತಿ ಬಿಚ್ಚಿ (ಡೀಸೆಲ್ ಆದರೆ ಸ್ಟಾಪ್ ಗುಂಡಿ ಎಳೆದು), ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿಗೂ ಮುಟ್ಟಿಸಿ ಸೆಲ್ಫ್ ಒತ್ತಿಸಿ. 0.2 ಅಥವಾ 0.3 ವೋಲ್ಟ್ ತೋರಿಸಿದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ದಾರಿ ಕೆಟ್ಟಿದೆ. ಸೆಲ್ಫ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು.

ಇತರ ಕಳ್ಳರು

ಸೆಲ್ಫ್ "ಗುಂಯ್" ಎಂದು ತಿರುಗಿ ಎಂಜಿನ್ ತಿರುಗದಿದ್ದರೆ ಬೆಂಡಿಕ್ಸ್ ಸಿಕ್ಕಿಕೊಂಡಿದೆ. ಅದನ್ನು ಬಿಚ್ಚಿಸಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಬೇಕು. ಧಾರಾಳವಾಗಿ ಎಣ್ಣೆ ಹಚ್ಚಿದರೆ ಧೂಳು ಹಿಡಿದು ಮತ್ತೆ ಅದೇ ರೋಗ.

ಸ್ಟಾರ್ಟರಿನ ಮೈಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದಾಗ ಹೊಡೆದರೆ ಕಾರ್ಬನ್ ಬ್ರಷ್ ಸವೆದಿರುವ ಸಂಭವ ಹೆಚ್ಚು. ಬ್ರಷ್ ಬದಲಾಯಿಸುವುದು ಸಣ್ಣ ಖರ್ಚು; ಪೂರ್ತಿ ಸ್ಟಾರ್ಟರ್ ಕೊಳ್ಳುವ ಮೊದಲು ಇದನ್ನು ಕೇಳಿ.

ಗಾಡಿಯನ್ನು ಗೇರಿನಲ್ಲಿಟ್ಟು ಒಂದಿಷ್ಟು ದೂಡಿದ ಕೂಡಲೇ ಸೆಲ್ಫ್ ಹಿಡಿಯುವುದಾದರೆ ಫ್ಲೈವೀಲಿನ ರಿಂಗ್ ಗೇರ್ ಹಲ್ಲುಗಳನ್ನು ನೋಡಿಸಿ. ನಾಲ್ಕು ಸಿಲಿಂಡರಿನ ಎಂಜಿನ್ ಬಹುಮಟ್ಟಿಗೆ ಎದುರುಬದುರಾದ ಎರಡು ಸ್ಥಾನಗಳಲ್ಲಿಯೇ ಬಂದು ನಿಲ್ಲುವುದರಿಂದ ಹಲ್ಲು ಸವೆಯುವುದೂ ಅಲ್ಲಿಯೇ.

ನಮ್ಮ ಕಡೆಗೆ ಅನ್ವಯಿಸಿ

ಅಲ್ಲಿ ಬಿಸಿಲು ಮತ್ತು ಧೂಳು ಮಾಡುವ ಕೆಲಸವನ್ನು ನಮ್ಮಲ್ಲಿ ಮಳೆ ಮತ್ತು ತೇವ ಮಾಡುತ್ತವೆ. ಅಲ್ಲಿಯ ಗಾಡಿ ಮಧ್ಯಾಹ್ನ ಮುಷ್ಕರ ಹೂಡಿದರೆ ನಮ್ಮದು ಜಡಿಮಳೆಯ ಮರುದಿನ ಬೆಳಿಗ್ಗೆ ಹೂಡುತ್ತದೆ. ಹುಡುಕುವ ಕ್ರಮ ಮಾತ್ರ ಒಂದೇ: ಮೊದಲು ಬರೆದಿಡುವುದು, ಆಮೇಲೆ ಲೈಟು, ಆಮೇಲೆ ಸಂಪರ್ಕಗಳು, ಕಟ್ಟಕಡೆಗೆ ಸ್ಟಾರ್ಟರ್.

ಕೆಲವು ಎಚ್ಚರಿಕೆಗಳು ಅಗತ್ಯ. ಸೆಲ್ಫ್ ಪರೀಕ್ಷಿಸುವಾಗ ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ಬಳಿ ಬೀಡಿ, ಬೆಂಕಿಕಡ್ಡಿ ಸರ್ವಥಾ ಬೇಡ. ಅದರಿಂದ ಬರುವ ಹೈಡ್ರೋಜನ್ ಅನಿಲ ಸಿಡಿಯುವಂಥದು. ಟರ್ಮಿನಲ್ ಬಿಚ್ಚುವಾಗ ಅರ್ಥ್ ಮೊದಲು, ಹಾಕುವಾಗ ಅರ್ಥ್ ಕಡೆಗೆ. ಹಳೆಯ ಬ್ರಿಟಿಷ್ ಮಾದರಿಯ ಕೆಲವು ಗಾಡಿಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್ ಆಗಿರುವುದರಿಂದ ನೋಡಿಕೊಂಡು ಕೈಹಾಕಿ. ಹ್ಯಾಂಡಲ್ ಹೊಡೆಯುವುದಾದರೆ ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ತಿರುಗಿ ಹೊಡೆದ ಹ್ಯಾಂಡಲ್ ಮಣಿಕಟ್ಟು ಮುರಿಯಬಲ್ಲದು.

ಮುಂಗಾರು ಹಿಡಿಯುವ ಮೊದಲು ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಟರ್ಮಿನಲ್‌ಗಳನ್ನು ಬಿಚ್ಚಿ, ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳಗಳು ಭದ್ರವಾಗಿರಲಿ. ಅರ್ಥ್ ಪಟ್ಟಿಯ ಎರಡೂ ತುದಿಗಳನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಔಷಧಿ ಸಿಂಪಡಣೆಗೆ ಪಂಪು ಸಿದ್ಧಮಾಡಿಕೊಳ್ಳುವ ದಿನವೇ ಈ ಕೆಲಸವನ್ನೂ ಸೇರಿಸಿಕೊಂಡರೆ ಮರೆಯುವ ಪ್ರಶ್ನೆಯಿಲ್ಲ.