ನಿಮಗಿದು ಗೊತ್ತೆ? ಸಾಗರ ದಾಟಲು ಆಕಾಶದಲ್ಲೊಂದು ಮನವಿ

ಯುರೋಪ್ ಮತ್ತು ಉತ್ತರ ಅಮೆರಿಕಗಳ ನಡುವೆ ಹಾರುವ ವಿಮಾನವು ಕರಾವಳಿಯಿಂದ ಸುಮಾರು 400 ಕಿಲೋಮೀಟರ್ ದೂರ ಸಾಗಿದ ಮೇಲೆ ನೆಲದ ರೇಡಾರ್‌ಗೆ ಕಾಣಿಸುವುದಿಲ್ಲವಾದ್ದರಿಂದ, ಅಟ್ಲಾಂಟಿಕ್ ವಾಯುಪ್ರದೇಶವನ್ನು ಪ್ರವೇಶಿಸುವ ಮೊದಲೇ ಪೈಲಟ್‌ಗಳು 'ಸಾಗರ ಅನುಮತಿ' ಎಂಬ ಪ್ರತ್ಯೇಕ ಒಪ್ಪಿಗೆಯನ್ನು ಕೇಳಿ ಪಡೆಯುವ ಪದ್ಧತಿ ದಶಕಗಳ ಕಾಲ ಜಾರಿಯಲ್ಲಿತ್ತು. ಇಲ್ಲಿನ ಅತಿ ದಟ್ಟಣೆಯ ಭಾಗದಲ್ಲಿ 30 ಡಿಗ್ರಿ ಪಶ್ಚಿಮ ರೇಖಾಂಶದ ಪೂರ್ವಕ್ಕೆ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಿಂದ ಕೆಲಸ ಮಾಡುವ ಶಾನ್‌ವಿಕ್ ಕೇಂದ್ರವೂ, ಪಶ್ಚಿಮಕ್ಕೆ ಕೆನಡಾದ ಗ್ಯಾಂಡರ್ ಕೇಂದ್ರವೂ ಸಂಚಾರವನ್ನು ನಿಯಂತ್ರಿಸುತ್ತವೆ.

ಅನುಮತಿಯಲ್ಲಿ ಮಾರ್ಗ ಮತ್ತು ಎತ್ತರಗಳಲ್ಲದೆ ಮ್ಯಾಕ್ ಸಂಖ್ಯೆಯೂ, ಅಂದರೆ ಶಬ್ದದ ವೇಗಕ್ಕೆ ಹೋಲಿಸಿ ಹೇಳುವ ವಿಮಾನದ ವೇಗವೂ, ನಮೂದಾಗಿರುತ್ತಿತ್ತು. ಒಂದೇ ಹಾದಿಯಲ್ಲಿ ಹಿಂದೆ ಮುಂದೆ ಸಾಗುವ ವಿಮಾನಗಳು ನಿಯಂತ್ರಕರ ಕಣ್ಣಿಗೆ ಬೀಳದಿರುವಾಗ ಅವುಗಳ ನಡುವಿನ ಅಂತರವನ್ನು ಕಾಯುತ್ತಿದ್ದುದು ಈ ನಿಗದಿತ ವೇಗವೇ ಆದ್ದರಿಂದ, ಮೂರರಲ್ಲಿ ಇದನ್ನೇ ಹೆಚ್ಚು ನಿರ್ಣಾಯಕವೆನ್ನಬೇಕು. ರೇಡಿಯೊದಲ್ಲಿ ಅನುಮತಿ ಪಡೆದ ಪೈಲಟ್ ಅದನ್ನು ಪೂರ್ತಿಯಾಗಿ ಮರಳಿ ಓದಿ ಹೇಳಬೇಕಿತ್ತು. ಒಂದು ಅಂಕಿ ತಪ್ಪಿದರೂ ವಿಮಾನ ಬೇರೆ ಹಾದಿ ಹಿಡಿಯುವ ಅಪಾಯವಿತ್ತು.

ಜೆಟ್ ಸ್ಟ್ರೀಮ್ ಎಂಬ ಎತ್ತರದ ವೇಗದ ಗಾಳಿಯ ನೆಲೆ ದಿನದಿನಕ್ಕೂ ಬದಲಾಗುವುದರಿಂದ ಅಟ್ಲಾಂಟಿಕ್ ದಾಟುವ ವಿಮಾನಗಳು ಹಿಡಿಯುವ ಸಮಾನಾಂತರ ಹಾದಿಗಳನ್ನೂ ಪ್ರತಿದಿನ ಹೊಸದಾಗಿ ರೂಪಿಸಲಾಗುತ್ತದೆ.

2019ರಿಂದ ಉಪಗ್ರಹಗಳು ವಿಮಾನಗಳ ಸ್ಥಾನಸಂಕೇತಗಳನ್ನು ನೇರವಾಗಿ ಗ್ರಹಿಸತೊಡಗಿದವು; ದತ್ತಾಂಶ ಸಂದೇಶಗಳ ಮೂಲಕ ಪೈಲಟ್ ಮತ್ತು ನಿಯಂತ್ರಕರ ಸಂಪರ್ಕವೂ ಸುಲಭವಾದ ಮೇಲೆ, 2024ರಲ್ಲಿ ಶಾನ್‌ವಿಕ್ ಮತ್ತು ಗ್ಯಾಂಡರ್ ಕೇಂದ್ರಗಳು ಪ್ರತ್ಯೇಕ ಸಾಗರ ಅನುಮತಿಯನ್ನೇ ಕೈಬಿಟ್ಟವು. ಆದರೂ ಪ್ರವೇಶಬಿಂದು, ಅಲ್ಲಿಗೆ ತಲುಪುವ ಸಮಯ, ಬಯಸುವ ಎತ್ತರ ಮತ್ತು ವೇಗಗಳನ್ನು ತಿಳಿಸುವ ಮನವಿ ಸಂದೇಶವನ್ನು ಪೈಲಟ್‌ಗಳು ಇಂದಿಗೂ ಮುಂಚಿತವಾಗಿ ಕಳುಹಿಸಲೇಬೇಕು.